ಬಾಣಂತಿಯ ಪಗಾರವೂ ಮರುಪಾವತಿಯ ತಗಾದೆಯೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ಮಗಳ ಮೊದಲನೆಯ ಹೆರಿಗೆಯು ತವರುಮನೆಯಲ್ಲಿಯೇ ಆಗತಕ್ಕದ್ದೆಂಬ ರೂಢಿಯು ಇಂದಿಗೂ ಉಂಟು. ನಮ್ಮ ಶಾಲೆಯಲ್ಲಿ ಕಲಿತು ಹೊರಬಿದ್ದವರಲ್ಲಿ ಅನೇಕರು ಈಗ ಶಿಕ್ಷಕಿಯರಾಗಿಯೂ ದಾದಿಯರಾಗಿಯೂ ಕಚೇರಿ, ಬ್ಯಾಂಕು, ಅಂಗಡಿ, ಕಾರಖಾನೆಗಳ ನೌಕರರಾಗಿಯೂ ದುಡಿಯುತ್ತಿರುವರು. ಇಂಥವರಲ್ಲೊಬ್ಬಳು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ತವರಿನಲ್ಲಿರುವಾಗ, ಇಲ್ಲವೆ ಮರಳಿ ಕೆಲಸಕ್ಕೆ ಸೇರಿ ತಿಂಗಳು ತುಂಬುವದರೊಳಗೆ, ಆಕೆಯ ಕೈಗೆ ಒಂದು ಕಾಗದವು ಬರುವದು. ಹೆರಿಗೆಯ ರಜೆಯ ಕಾಲಕ್ಕೆ ನಿಮಗೆ ಹೆಚ್ಚುವರಿ ಹಣವು ಸಂದಾಯವಾಗಿದೆ. ಏಳು ದಿವಸಗಳೊಳಗಾಗಿ ಅದನ್ನು ತುಂಬತಕ್ಕದ್ದು. ತಪ್ಪಿದಲ್ಲಿ ಪಗಾರದಿಂದ ಮುರಿದುಕೊಳ್ಳಲಾಗುವದು. ಒಕ್ಕಣೆಯು ಬಹುಮಟ್ಟಿಗೆ ಇಷ್ಟೇ. ಹಣವು ಹೇಗೆ ಹೆಚ್ಚಾಯಿತು, ಯಾವ ನಿಯಮದಂತೆ ಹೆಚ್ಚಾಯಿತು ಎಂಬದು ಅದರಲ್ಲಿರುವದು ಅಪರೂಪ.

ಕಾಗದವನ್ನು ಓದಿದ ತಂದೆಯು ಮಾನಕ್ಕೆ ಅಂಜಿ, ಬಿತ್ತನೆಗೆಂದು ಇಟ್ಟ ಹಣವನ್ನೋ ಕೈಗಡವನ್ನೋ ತಂದು ತುಂಬಿಬಿಡುವನು. ಇಲ್ಲವೆ ಮಗಳು ನೊಂದುಕೊಂಡು ನೌಕರಿಯನ್ನೇ ಬಿಡುವಳು. ಈ ಎರಡೂ ಅವಸರದ ಕೆಲಸಗಳು. ಆದದರಿಂದ ಇಂಥ ತಗಾದೆಯು ಬಂದಾಗ ಏನನ್ನು ನೋಡಬೇಕು, ಏನನ್ನು ಕೇಳಬೇಕು, ಯಾವದಕ್ಕೆ ಸಹಿ ಹಾಕಬಾರದು ಎಂಬದನ್ನು ಹಳೆಯ ವಿದ್ಯಾರ್ಥಿನಿಯರಿಗೂ ಅವರ ಪಾಲಕರಿಗೂ ತಿಳಿಸುವದು ನಮಗೆ ಯುಕ್ತವಾಗಿ ತೋರಿದೆ. ಮೊದಲಿಗೇ ಒಂದು ಮಾತು: ತಗಾದೆಯು ಸಾಲವಲ್ಲ. ಸಾಲವೆಂದು ತೋರಿಸಿಕೊಡುವ ಹೊಣೆಯು ಕೇಳುವವನದು.

ಹೆರಿಗೆಯ ಹಣವು ಧಣಿಯು ಕೊಡುವ ದಾನವೆಂಬ ಭಾವನೆಯು ನಮ್ಮಲ್ಲಿ ಇನ್ನೂ ಅಳಿದಿಲ್ಲ. ಅದು ದಾನವಾಗಿದ್ದುದು ನಿಂತು ಬಹು ಕಾಲವಾಯಿತು. 1924ರಲ್ಲಿ ಎನ್. ಎಂ. ಜೋಶಿಯವರು ದಿಲ್ಲಿಯ ಶಾಸನಸಭೆಯಲ್ಲಿ ತಂದ ಹೆರಿಗೆ ಭತ್ಯದ ಮಸೂದೆಯು ಬಿದ್ದುಹೋಯಿತು. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಅಂಥದೇ ಮಸೂದೆಯು ಬಂದಾಗ ಡಾಕ್ಟರ ಅಂಬೇಡಕರರು ಅದನ್ನು ಬೆಂಬಲಿಸಿ ಮಾತನಾಡಿದರು. ಬಾಣಂತಿಯ ವಿಶ್ರಾಂತಿಯು ದೇಶದ ಹಿತವೇ ಆದದರಿಂದ ಅದರ ಭಾರದಲ್ಲಿ ಸರಕಾರಕ್ಕೂ ಪಾಲಿರಬೇಕೆಂಬದು ಅವರ ಅಭಿಪ್ರಾಯವಾಗಿತ್ತು. 1929ರಲ್ಲಿ ಮುಂಬಯಿಯ ಕಾಯಿದೆಯು ಆಯಿತು. ಆಗ ನಮ್ಮ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿಯೇ ಇದ್ದಿತು. ಆದರೆ ಆ ಕಾಯಿದೆಯು ಕಾರಖಾನೆಯ ಹೆಂಗಸರಿಗೆ ಮಾತ್ರ ಸಂಬಂಧಿಸಿದ್ದರಿಂದ ಹೊಲದಲ್ಲಿ ಜೋಳ ಕೊಯ್ಯುವವಳಿಗೆ ಅದರ ಹೆಸರೂ ತಿಳಿದಿರಲಾರದು. ಸ್ವಾತಂತ್ರ್ಯದ ತರುವಾಯ 1961ರಲ್ಲಿ ಇಡೀ ದೇಶಕ್ಕೆ ಹೆರಿಗೆ ಸೌಲಭ್ಯದ ಕಾಯಿದೆಯು ಬಂದಿತು. ಅದರಲ್ಲಿ 12 ವಾರಗಳಿದ್ದ ರಜೆಯು 2017ರ ಏಪ್ರಿಲ 1ರಿಂದ 26 ವಾರಗಳಾಯಿತು. 2025ರ ನವೆಂಬರ 21ರಂದು 2020ರ ಸಾಮಾಜಿಕ ಭದ್ರತಾ ಸಂಹಿತೆಯು ಜಾರಿಗೆ ಬಂದು ಹಳೆಯ ಕಾಯಿದೆಯ ಸ್ಥಾನವನ್ನು ಹಿಡಿಯಿತು. ಹೆರಿಗೆಯ ನಿಯಮಗಳು ಈಗ ಆ ಸಂಹಿತೆಯ ಆರನೆಯ ಅಧ್ಯಾಯದಲ್ಲಿರುವವು. ಹೆಸರು ಬದಲಾದರೂ ಮುಖ್ಯ ಹಕ್ಕುಗಳು ಹಾಗೆಯೇ ಉಳಿದಿರುವವು. ತಗಾದೆಯ ಕಾಗದವು ಯಾವ ಕಾಲದ ರಜೆಯ ಕುರಿತಾದದ್ದೆಂಬದನ್ನು ಮಾತ್ರ ಮೊದಲು ಗುರುತಿಸಿಕೊಳ್ಳಬೇಕು. ಆ ದಿನಾಂಕದ ಹಿಂದಿನದಾದರೆ ಹಳೆಯ ಕಾಯಿದೆಯನ್ನೂ, ಮುಂದಿನದಾದರೆ ಸಂಹಿತೆಯನ್ನೂ ನೋಡತಕ್ಕದ್ದು.

ಖಾಸಗಿ ಕಾರಖಾನೆ, ಹಾಗೂ ಹತ್ತು ಜನರಾಗಲಿ ಹೆಚ್ಚಾಗಲಿ ದುಡಿಯುವ ಅಂಗಡಿ ಮೊದಲಾದವುಗಳಲ್ಲಿ ಕೆಲಸಕ್ಕಿರುವವಳ ಹಕ್ಕು ಹೀಗಿದೆ. ಹೆರಿಗೆಯ ನಿರೀಕ್ಷಿತ ದಿವಸಕ್ಕೆ ಹಿಂದಿನ 12 ತಿಂಗಳುಗಳಲ್ಲಿ ಆಕೆಯು 80 ದಿವಸಗಳಾದರೂ ಅಲ್ಲಿ ದುಡಿದಿರಬೇಕು. ಹಾಗಿದ್ದರೆ 26 ವಾರಗಳ ಹಣ. ಅದರಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದದ್ದು 8 ವಾರಗಳಿಗೆ ಮೀರಬಾರದು. ಬದುಕಿರುವ ಮಕ್ಕಳು ಇಬ್ಬರಾಗಲಿ ಹೆಚ್ಚಾಗಲಿ ಇದ್ದರೆ 12 ವಾರ. ದಿನಕ್ಕೆ ಎಷ್ಟೆಂಬದನ್ನು, ರಜೆಗೆ ಹೋಗುವ ಮುಂಚಿನ ಮೂರು ತಿಂಗಳುಗಳಲ್ಲಿ ದುಡಿದ ದಿವಸಗಳ ಕೂಲಿಯ ಸರಾಸರಿಯಿಂದ ತೆಗೆಯುವರು.

ಈ ಲೆಕ್ಕದಲ್ಲಿಯೇ ಮೊದಲನೆಯ ತೊಡಕು ಹುಟ್ಟುವದು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮುದ್ದೇಬಿಹಾಳದ ಕಡೆಯ ಒಂದು ಅರಳೆ ಕಾರಖಾನೆಯಲ್ಲಿ ಒಬ್ಬ ಹೆಣ್ಣುಮಗಳು ದಿನಕ್ಕೆ 600 ರೂಪಾಯಿಗಳಂತೆ ದುಡಿಯುವಳೆನ್ನಿರಿ. ರವಿವಾರ ಕೆಲಸವಿಲ್ಲ, ಕೂಲಿಯೂ ಇಲ್ಲ. 26 ವಾರಗಳೆಂದರೆ 182 ದಿವಸ. ಆಕೆಗೆ 1,09,200 ರೂಪಾಯಿ ಸಂದಿತು. ತರುವಾಯ ಹೊಸ ಲೆಕ್ಕಿಗನೊಬ್ಬನು ಬಂದು, ರವಿವಾರಕ್ಕೆ ಕೂಲಿಯೇ ಇಲ್ಲವೆಂದ ಮೇಲೆ ಹೆರಿಗೆಯ ಹಣವೆಲ್ಲಿಯದು ಎಂದು 26 ರವಿವಾರಗಳನ್ನು ಕಳೆದು, 156 ದಿವಸಗಳಿಗೆ 93,600 ರೂಪಾಯಿ ಸಾಕಾಗಿತ್ತೆಂದು ತೀರ್ಮಾನಿಸಿ, ಮಿಕ್ಕ 15,600 ರೂಪಾಯಿಗಳನ್ನು ಮರಳಿ ಕೇಳುವನು. ಮೇಲ್ನೋಟಕ್ಕೆ ಅವನ ಮಾತು ಸರಿಯೆಂದೇ ತೋರುವದು. ಕೂಲಿಯವಳೂ ಅದನ್ನು ಒಪ್ಪಿಬಿಡುವಳು.

ಆದರೆ ಇದೇ ಪ್ರಶ್ನೆಯು ಸುಪ್ರೀಂ ಕೋರ್ಟಿನ ಮುಂದೆ ಬಂದು 1977ರಲ್ಲಿಯೇ ಇತ್ಯರ್ಥವಾಗಿದೆ. ಕೊಯಮತ್ತೂರು ಜಿಲ್ಲೆಯ ಒಂದು ತೋಟದ ಕೂಲಿಯಾಳಿಗೆ 1967ರ ಹೆರಿಗೆಯ ಸಂಬಂಧದಲ್ಲಿ ತೋಟದವರು 12 ರವಿವಾರಗಳನ್ನು ಬಿಟ್ಟು 72 ದಿವಸಗಳ ಹಣವನ್ನು ಮಾತ್ರ ಕೊಟ್ಟರು. ಆಕೆಯು 84 ದಿವಸಗಳದನ್ನು ಕೇಳಿದಳು. ಬಿ. ಶಾ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಮೊಕದ್ದಮೆಯಲ್ಲಿ, ಕಾಯಿದೆಯು ವಾರವೆಂದಾಗ ರವಿವಾರವನ್ನೂ ಕೂಡಿಸಿ ಏಳು ದಿವಸಗಳೆಂದೇ ಅರ್ಥ ಮಾಡತಕ್ಕದ್ದೆಂದು ಕೋರ್ಟು ತೀರ್ಪು ಕೊಟ್ಟಿತು. ತಾಯಿಯು ಹೊಟ್ಟೆಗೆ ಉಣ್ಣಬೇಕು, ಕೂಸಿಗೆ ಹಾಲೂಡಬೇಕು, ಕಳೆದ ಶಕ್ತಿಯನ್ನು ಮರಳಿ ಪಡೆಯಬೇಕು. ಇದಕ್ಕಾಗಿಯೇ ಹುಟ್ಟಿದ ಕಾಯಿದೆಯನ್ನು ಆಕೆಗೆ ಅನುಕೂಲವಾಗುವಂತೆಯೇ ಓದಬೇಕೆಂಬದು ಆ ತೀರ್ಪಿನ ತಾತ್ಪರ್ಯ. ನಮ್ಮ ಕಲ್ಪನೆಯ ಹೆಣ್ಣುಮಗಳಿಗೆ ಸಂದ 1,09,200 ರೂಪಾಯಿಗಳು ಹೆಚ್ಚಲ್ಲ. ಕಾಯಿದೆಯಂತೆ ಸರಿಯಾದ ಮೊತ್ತವೇ. ಆಕೆಯು ಒಂದು ಪೈಯನ್ನೂ ಮರಳಿಸಬೇಕಾಗಿಲ್ಲ. ಹೆಚ್ಚಾಯಿತೆಂದು ಕೇಳುವ ಹಣದಲ್ಲಿ ಹೀಗೆ ಹೆಚ್ಚೇ ಆಗದಿರುವದೂ ಉಂಟೆಂಬದನ್ನು ತೋರಿಸಲಿಕ್ಕೆ ಈ ಲೆಕ್ಕವನ್ನು ಇಷ್ಟು ವಿಸ್ತಾರವಾಗಿ ಬರೆದೆವು.

ಇನ್ನು ಕೆಲವರು ಹೇಳುವ ಕಾರಣ ಬೇರೆ. ರಜೆಯು ತೀರಿದ ಮೇಲೆ ನೀನು ಕೆಲಸಕ್ಕೆ ಮರಳಲಿಲ್ಲ, ಆದದರಿಂದ ಹಣವನ್ನೆಲ್ಲ ಮರಳಿಸು ಎನ್ನುವರು. ಇಂಗ್ಲಂಡದಲ್ಲಿ ಇಂಥ ಕರಾರುಗಳುಂಟು. ಅಲ್ಲಿಯೂ ಕಾಯಿದೆಯು ಗೊತ್ತುಮಾಡಿದ ಹೆರಿಗೆ ಪಗಾರವನ್ನು ಮರಳಿ ಕೇಳುವಂತಿಲ್ಲ, ಧಣಿಯು ಅದಕ್ಕೂ ಮೇಲಾಗಿ ತನ್ನ ಕೈಯಿಂದ ಕೊಟ್ಟಷ್ಟನ್ನು ಮಾತ್ರ ಕರಾರಿನಂತೆ ಕೇಳಬಹುದು. ನಮ್ಮ ಕಾಯಿದೆಯಲ್ಲಿ ಮರಳಿ ಬರುವ ಷರತ್ತೇ ಇಲ್ಲ. ಹಿಂದೆ ದುಡಿದ ದಿವಸಗಳಿಂದಲೇ ಹಕ್ಕು ಹುಟ್ಟುವದು, ಮುಂದೆ ದುಡಿಯುವ ವಚನದಿಂದಲ್ಲ. ಕಾಯಿದೆಯು ಕೊಟ್ಟದ್ದನ್ನು ಕರಾರು ಕಿತ್ತುಕೊಳ್ಳಲಾರದು.

ಗುತ್ತಿಗೆಯ ಮೇಲಿರುವ ದಾದಿಯರಿಗೂ ಮತ್ತಿತರರಿಗೂ ಬರುವ ತಗಾದೆಯು ಮತ್ತೊಂದು ಬಗೆಯದು. ನಿನ್ನ ಗುತ್ತಿಗೆಯು ಮಾರ್ಚ 31ಕ್ಕೆ ಮುಗಿಯಿತು, ಆಮೇಲೆ ಸಂದದ್ದೆಲ್ಲ ಹೆಚ್ಚುವರಿಯೆಂದು ಅದರಲ್ಲಿ ಬರೆದಿರುವದು. ದಿಲ್ಲಿಯ ಆಸ್ಪತ್ರೆಯೊಂದರ ವೈದ್ಯೆ ಡಾಕ್ಟರ ಕವಿತಾ ಯಾದವರ ಮೊಕದ್ದಮೆಯಲ್ಲಿ 2023ರ ಆಗಸ್ಟ 17ರಂದು ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಕೊಟ್ಟಿದೆ. ಒಮ್ಮೆ ಅರ್ಹತೆಯು ಪೂರ್ತಿಯಾದರೆ ಗುತ್ತಿಗೆಯ ಅವಧಿಯು ನಡುವೆ ಮುಗಿದರೂ ಹೆರಿಗೆಯ ಸೌಲಭ್ಯವು ಪೂರ್ಣವಾಗಿ ಸಲ್ಲತಕ್ಕದ್ದು. ದಿನಗೂಲಿಯ ಹೆಂಗಸರಿಗೂ ಈ ಹಕ್ಕುಂಟೆಂಬದನ್ನು ದಿಲ್ಲಿ ಮಹಾನಗರಪಾಲಿಕೆಯ ಮೊಕದ್ದಮೆಯಲ್ಲಿ 2000ದ ಮಾರ್ಚ 8ರಂದೇ ಹೇಳಲಾಗಿತ್ತು.

ಹಾಗಾದರೆ ಹಣವು ನಿಜವಾಗಿ ಹೆಚ್ಚಾಗುವದೇ ಇಲ್ಲವೋ ಎಂದರೆ, ಆಗುವದುಂಟು. ಇದನ್ನು ಮುಚ್ಚಿಡುವದು ನ್ಯಾಯವಲ್ಲ. ರಜೆಯ ಕಾಲದಲ್ಲಿ ಬೇರೊಂದು ಕಡೆ ಕೆಲಸ ಮಾಡಿ ಸಂಬಳ ಪಡೆದವಳು ಆ ಅವಧಿಯ ಹಕ್ಕನ್ನು ಕಳೆದುಕೊಳ್ಳುವಳು. ಇ.ಎಸ್.ಐ. ವಿಮೆಯುಳ್ಳವಳಿಗೆ ಹೆರಿಗೆಯ ಹಣವನ್ನು ಕೊಡುವದು ವಿಮಾ ನಿಗಮವು. ನಿಗಮವೂ ಧಣಿಯೂ ಅದೇ ದಿವಸಗಳಿಗೆ ಕೊಟ್ಟಿದ್ದರೆ ಒಂದು ಕಡೆಯದು ಹೆಚ್ಚೇ ಸರಿ. ಮೂರನೆಯ ಕೂಸಿಗೆ 12 ವಾರಗಳ ಬದಲು 26 ವಾರ ಸಂದಿರಬಹುದು. ಎಲ್ಲಕ್ಕೂ ಸಾಮಾನ್ಯವಾದದ್ದು, ರಜೆಯು ತೀರಿದ ಮೇಲೆಯೂ ಕೂಸಿನ ಜಡ್ಡಿನಿಂದ ನಿಂತುಕೊಂಡ ಹತ್ತು ಹದಿನೈದು ದಿವಸಗಳಿಗೆ ಪಗಾರವು ತಾನಾಗಿ ಬಂದುಬಿಡುವದು. ಇಂಥಲ್ಲಿ ತಪ್ಪಿನಿಂದ ಸಂದ ಹಣವನ್ನು ಮರಳಿಸಬೇಕೆಂದು 1872ರ ಕರಾರು ಕಾಯಿದೆಯ 72ನೆಯ ಕಲಮು ಹೇಳುವದು. ಒಪ್ಪಿಕೊಳ್ಳುವದೇ ಮೇಲು. ಆದರೂ ಒಪ್ಪಿಕೊಳ್ಳುವ ರೀತಿಯೊಂದುಂಟು. ಆ ಹತ್ತು ದಿವಸಗಳನ್ನು ತನ್ನ ಲೆಕ್ಕದಲ್ಲಿರುವ ಗಳಿಕೆ ರಜೆಯಾಗಿ ಮಾರ್ಪಡಿಸಬೇಕೆಂದು ಅರ್ಜಿ ಕೊಡಬಹುದು. ಹಾಗಾದರೆ ಹಣದ ಮಾತೇ ಬಾರದು. ರಜೆಯು ಇಲ್ಲವಾದರೆ ತಿಂಗಳಿಗಿಷ್ಟೆಂದು ಕಂತುಗಳನ್ನು ಕೇಳಬಹುದು.

ಖಾಸಗಿ ಸಂಸ್ಥೆಗಳಲ್ಲಿ ಹೆಚ್ಚಾಗಿ ಸಂದ ಕೂಲಿಯನ್ನು ಪಗಾರದಲ್ಲಿ ಹೊಂದಿಸಿಕೊಳ್ಳಲು ಕಾಯಿದೆಯೇ ಅವಕಾಶ ಕೊಟ್ಟಿರುವದು. ಹಿಂದೆ 1936ರ ಕಾಯಿದೆಯಲ್ಲಿತ್ತು, ಈಗ 2019ರ ವೇತನ ಸಂಹಿತೆಯಲ್ಲಿದೆ. ಆದರೆ ಒಂದು ಪಗಾರದಿಂದ ಎಲ್ಲ ಬಗೆಯ ಕಡಿತಗಳನ್ನು ಕೂಡಿಸಿದರೂ ಅರ್ಧಕ್ಕೆ ಮೀರಬಾರದೆಂದು ಆ ಸಂಹಿತೆಯ 18ನೆಯ ಕಲಮಿನಲ್ಲಿ ಹೇಳಿದೆ. ತಿಂಗಳ ಪಗಾರವನ್ನೆಲ್ಲ ಒಮ್ಮೆಗೇ ನುಂಗಿದ ಕಾರಕೂನನಿಗೆ ಈ ಕಲಮನ್ನು ತೋರಿಸತಕ್ಕದ್ದು.

ಸರಕಾರದ ನೌಕರಿಯಲ್ಲಿರುವವರ ಮಾತು ಬೇರೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಇಂಥವರೇ ಹೆಚ್ಚಾದದರಿಂದ ಇದನ್ನು ತುಸು ಬಿಡಿಸಿ ಹೇಳುವೆವು. ಕರ್ನಾಟಕ ಸರಕಾರದ ಸೇವಾ ನಿಯಮಗಳಂತೆ ಹೆರಿಗೆಯ ರಜೆಯು 180 ದಿವಸ. ಅದನ್ನು ನೌಕರಳ ರಜೆಯ ಲೆಕ್ಕದಿಂದ ಕಳೆಯುವದಿಲ್ಲ. ಇತರ ರಜೆಯನ್ನು ಅದಕ್ಕೆ ಜೋಡಿಸಿಕೊಳ್ಳಲೂ ಬರುವದು. ಇಲ್ಲಿ ತಗಾದೆಯು ಹುಟ್ಟುವದು ಲೆಕ್ಕ ತಪಾಸಣೆಯವರ ಆಕ್ಷೇಪಣೆಯಿಂದ. ಅವರು ಬಂದು ಸೇವಾ ಪುಸ್ತಕವನ್ನು ತೆರೆದು, ವರುಷಗಳ ಹಿಂದಿನ ರಜೆಯ ಮೇಲೆ ಗೆರೆ ಎಳೆದು ಹೋಗುವರು. ಪಗಾರ ಬಟವಾಡೆಯ ಅಧಿಕಾರಿಯು ತನ್ನ ತಲೆಯ ಮೇಲೆ ಬಾರದಿರಲೆಂದು ಕೂಡಲೆ ವಸೂಲಿಯ ಆಜ್ಞೆಯನ್ನು ಹೊರಡಿಸುವನು. ಅವನನ್ನೂ ನಾವು ಬಹಳವಾಗಿ ದೂರಲಾರೆವು.

ಇಂಥವರಿಗೆ ದೊಡ್ಡ ಆಸರೆಯೆಂದರೆ 2014ರ ಡಿಸೆಂಬರ 18ರಂದು ಪಂಜಾಬ ಸರಕಾರ ಹಾಗೂ ರಫೀಕ ಮಸೀಹ ಇವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು. ನೌಕರನ ಮೋಸವಿಲ್ಲದೆ, ಕಚೇರಿಯ ತಪ್ಪಿನಿಂದಲೇ ಹಣವು ಹೆಚ್ಚಾಗಿ ಸಂದಾಗ ಎಲ್ಲೆಲ್ಲಿ ವಸೂಲು ಮಾಡಬಾರದೆಂಬದನ್ನು ಅದರಲ್ಲಿ ಎಣಿಸಿ ಹೇಳಿರುವರು. ಮೂರನೆಯ ಹಾಗೂ ನಾಲ್ಕನೆಯ ವರ್ಗದ, ಎಂದರೆ ಗ್ರೂಪ್ ಸಿ ಮತ್ತು ಡಿ ನೌಕರರಿಂದ ವಸೂಲು ಮಾಡಬಾರದು. ನಿವೃತ್ತರಾದವರಿಂದಲೂ ವರುಷದೊಳಗೆ ನಿವೃತ್ತರಾಗುವವರಿಂದಲೂ ಮಾಡಬಾರದು. ಆಜ್ಞೆಗೆ ಮುಂಚೆ ಐದು ವರುಷಗಳಿಗೂ ಮೀರಿ ಸಂದುಬಂದ ಹಣವನ್ನು ಕೇಳಬಾರದು. ಮೇಲಿನ ಹುದ್ದೆಯ ಕೆಲಸವನ್ನು ಮಾಡಿಸಿಕೊಂಡು ಅದರ ಪಗಾರವನ್ನು ಕೊಟ್ಟಿದ್ದರೆ ಅದನ್ನೂ ಕೇಳಬಾರದು. ಕೊನೆಗೆ, ವಸೂಲಿಯಿಂದ ನೌಕರನಿಗಾಗುವ ಕಷ್ಟವು ಧಣಿಯ ಹಕ್ಕಿಗಿಂತ ಬಹಳ ಮಿಗಿಲಾಗಿ ತೋರುವಲ್ಲಿಯೂ ಮಾಡಬಾರದು. ಪ್ರಾಥಮಿಕ ಶಾಲೆಯ ಶಿಕ್ಷಕಿಯು ಗ್ರೂಪ್ ಸಿ ನೌಕರಳೇ ಆಗಿರುವಳು. ಅಂದಮೇಲೆ ಸಿಂದಗಿಯ ಹಳ್ಳಿಯ ಶಾಲೆಯೊಂದರಲ್ಲಿ ಕಲಿಸುವ ಬಾಣಂತಿಯು ಈ ತೀರ್ಪಿನ ಮೊದಲನೆಯ ಮಾತನ್ನೇ ತನ್ನ ಉತ್ತರದಲ್ಲಿ ಬರೆಯಬಹುದು. 2022ರ ಮೇ 2ರಂದು ಕೇರಳದ ಥಾಮಸ ಡ್ಯಾನಿಯಲ ಎಂಬ ನಿವೃತ್ತ ಶಿಕ್ಷಕರ ಮೊಕದ್ದಮೆಯಲ್ಲಿಯೂ ಕೋರ್ಟು ಇದೇ ದಾರಿಯನ್ನು ಹಿಡಿದು ವಸೂಲಿಯನ್ನು ರದ್ದುಮಾಡಿತು.

ಮೂರನೆಯ ಹೆರಿಗೆಗೆ ರಜೆಯೇ ಸಲ್ಲದೆಂದು ಆಕ್ಷೇಪಿಸಿದ್ದರೆ 2025ರ ಮೇ 23ರ ತೀರ್ಪನ್ನು ನೋಡತಕ್ಕದ್ದು. ತಮಿಳುನಾಡಿನ ಸರಕಾರಿ ಶಾಲೆಯ ಶಿಕ್ಷಕಿ ಕೆ. ಉಮಾದೇವಿಯವರಿಗೆ ಮೊದಲನೆಯ ಮದುವೆಯ ಇಬ್ಬರು ಮಕ್ಕಳಿದ್ದರೆಂಬ ಕಾರಣದಿಂದ ಎರಡನೆಯ ಮದುವೆಯ ಕೂಸಿನ ಹೆರಿಗೆಗೆ ರಜೆಯನ್ನು ನಿರಾಕರಿಸಿದ್ದರು. ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ ಆಕೆಗೆ ರಜೆಯನ್ನು ಕೊಡಿಸಿತು.

ಆದರೆ ಎಚ್ಚರಿಕೆ. 2016ರಲ್ಲಿ ಜಗದೇವ ಸಿಂಗರ ಮೊಕದ್ದಮೆಯಲ್ಲಿ ಅದೇ ಕೋರ್ಟು, ಹಣವನ್ನು ಪಡೆಯುವಾಗ ಹೆಚ್ಚಾದರೆ ಮರಳಿಸುವೆನೆಂದು ಮುಚ್ಚಳಿಕೆ ಬರೆದುಕೊಟ್ಟವನು ಆ ಮುಚ್ಚಳಿಕೆಗೆ ಬದ್ಧನೆಂದು ಹೇಳಿದೆ. ಅವರು ದೊಡ್ಡ ಹುದ್ದೆಯ ನ್ಯಾಯಾಧಿಕಾರಿಗಳಾಗಿದ್ದರು, ನಿಜ. ಆದರೂ ರಜೆಗೆ ಹೋಗುವ ಗಡಿಬಿಡಿಯಲ್ಲಿ ಎದುರಿಗಿಟ್ಟ ಕಾಗದಗಳಿಗೆಲ್ಲ ಸಹಿ ಮಾಡಿಬಿಡುವ ನಮ್ಮ ಹುಡುಗಿಯರು ಇದನ್ನು ನೆನಪಿನಲ್ಲಿಡಬೇಕು. ತಗಾದೆಯು ಬಂದ ಮೇಲೆ, ಹಣವು ಹೆಚ್ಚಾಗಿ ಸಂದದ್ದು ನಿಜ, ಕಂತಿನಿಂದ ತುಂಬುವೆನು ಎಂಬ ಕಾಗದಕ್ಕೂ ಲೆಕ್ಕವನ್ನು ನೋಡುವ ಮೊದಲು ಸಹಿ ಮಾಡಬಾರದು. ಸಹಿಯನ್ನೇ ಮಾಡಬೇಕಾಗಿ ಬಂದರೆ ಕಾಗದವು ಮುಟ್ಟಿತೆಂದು ಮಾತ್ರ ಬರೆದು, ಕೆಳಗೆ ದಿನಾಂಕವನ್ನು ಹಾಕತಕ್ಕದ್ದು.

ಉತ್ತರವನ್ನು ಬಾಯಿಮಾತಿನಲ್ಲಿ ಕೊಡದೆ ಬರೆದೇ ಕೊಡಬೇಕು. ಬಹಳ ಉದ್ದವಾಗಿರುವದು ಬೇಡ. ಇಂಥ ದಿನಾಂಕದ ಕಾಗದವು ಮುಟ್ಟಿತು. ಹೆಚ್ಚುವರಿಯೆಂದು ಹೇಳಿದ ಹಣವು ಯಾವ ತಿಂಗಳುಗಳದು, ದಿನಕ್ಕೆ ಎಷ್ಟರಂತೆ ಎಷ್ಟು ದಿವಸಗಳದು, ಯಾವ ನಿಯಮದಂತೆ ಹೆಚ್ಚೆಂದು ಎಣಿಸಿದಿರಿ, ತಪಾಸಣೆಯ ಆಕ್ಷೇಪಣೆಯಿದ್ದರೆ ಅದರ ನಕಲನ್ನೂ ದಯಪಾಲಿಸಬೇಕು. ಅವು ಬಂದ ಮೇಲೆ ನನ್ನ ಹೇಳಿಕೆಯನ್ನು ಸಲ್ಲಿಸುವೆನು. ಅಲ್ಲಿಯ ವರೆಗೆ ಪಗಾರದಿಂದ ಏನನ್ನೂ ಮುರಿಯಬಾರದಾಗಿ ವಿನಂತಿ. ಇಷ್ಟು ಸಾಕು. ಒಂದು ಪ್ರತಿಯ ಮೇಲೆ ಕಚೇರಿಯ ಮುದ್ರೆಯನ್ನು ಪಡೆಯಬೇಕು, ಇಲ್ಲವೆ ನೋಂದಾಯಿತ ಅಂಚೆಯಿಂದ ಕಳಿಸಿ ಪಾವತಿಯನ್ನು ಇಟ್ಟುಕೊಳ್ಳಬೇಕು. ಸರಕಾರಿ ಕಚೇರಿಯು ಸುಮ್ಮನಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ 10 ರೂಪಾಯಿಯ ಶುಲ್ಕದೊಡನೆ ಅರ್ಜಿ ಕೊಟ್ಟರೆ 30 ದಿವಸಗಳಲ್ಲಿ ನಕಲನ್ನು ಕೊಡಲೇಬೇಕಾಗುವದು. ನೌಕರರ ಮಾತನ್ನು ಕೇಳದೆ ಪಗಾರವನ್ನು ಹಿಂದಿನಿಂದ ತಗ್ಗಿಸುವದು ನ್ಯಾಯವಲ್ಲವೆಂದು ಭಗವಾನ ಶುಕ್ಲ ಎಂಬ ರೇಲ್ವೆ ನೌಕರರ ಮೊಕದ್ದಮೆಯಲ್ಲಿ 1994ರಲ್ಲಿಯೇ ತೀರ್ಪಾಗಿದೆ. ಅದನ್ನೂ ಉತ್ತರದಲ್ಲಿ ಕಾಣಿಸಬಹುದು.

ಲೆಕ್ಕದ ತಖ್ತೆಯು ಬಂದಾಗ ಅದನ್ನು ಬ್ಯಾಂಕಿನ ಪುಸ್ತಕದೊಡನೆ ಹಿಡಿದು ನೋಡಬೇಕು. ಕೈಗೆ ಬಾರದೆ ತೆರಿಗೆಗೂ ಭವಿಷ್ಯನಿಧಿಗೂ ಹೋದ ಹಣವನ್ನು ಕೂಡಿಸಿ ಕೇಳಿದ್ದಾರೆಯೋ ಎಂಬದನ್ನೂ ನೋಡಬೇಕು. ಹೆರಿಗೆಗೆ ಹೋಗುವ ಮೊದಲೇ ರಜೆಯ ಅರ್ಜಿ, ಮಂಜೂರಿಯ ಆಜ್ಞೆ, ವೈದ್ಯರ ಪತ್ರ, ಕೂಸಿನ ಜನನದ ದಾಖಲೆ ಇವುಗಳ ನಕಲುಗಳನ್ನು ತಾಯಿಯ ಪೆಟ್ಟಿಗೆಯಲ್ಲಿಟ್ಟು ಹೋದವಳಿಗೆ ಈ ಕೆಲಸವು ಒಂದು ಸಂಜೆಯದು; ಇಡದವಳಿಗೆ ಒಂದು ತಿಂಗಳಿನದು.

ಉತ್ತರಕ್ಕೆ ಧಣಿಯು ಕಿವಿಗೊಡದಿದ್ದರೆ ಖಾಸಗಿ ನೌಕರಿಯವಳು ಕಾರ್ಮಿಕ ಇಲಾಖೆಯ ನಿರೀಕ್ಷಕರಲ್ಲಿ ದೂರು ಕೊಡಬಹುದು. ಸರಕಾರಿ ನೌಕರಿಯವಳು ಮೇಲಧಿಕಾರಿಗೆ ಬರೆದು, ಸಾಲದಿದ್ದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ನಮ್ಮ ಜಿಲ್ಲೆಯ ಹೈಕೋರ್ಟಿನ ಪೀಠವು ಕಲಬುರ್ಗಿಯಲ್ಲಿರುವದರಿಂದ ಬೆಂಗಳೂರಿನ ವರೆಗೆ ಅಲೆಯುವ ಕಾರಣವಿಲ್ಲ. ವಕೀಲರ ಖರ್ಚಿಗೆ ಹೆದರುವವರು ಇದನ್ನು ತಿಳಿದಿರಲಿ: 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೆ, ಅವರ ಉತ್ಪನ್ನವು ಎಷ್ಟೇ ಇರಲಿ, ಪುಕ್ಕಟೆಯಾಗಿ ವಕೀಲರ ಸಹಾಯವು ದೊರೆಯುವದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕೋರ್ಟುಗಳಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿದರೆ ಅರ್ಜಿ ಕೊಡುವ ಬಗೆಯನ್ನು ತಿಳಿಸುವರು. ಕೂಸನ್ನು ಎತ್ತಿಕೊಂಡು ಹೋಗಲು ಆಗದ ಮಗಳ ಪರವಾಗಿ ತಂದೆಯಾಗಲಿ ಅಣ್ಣನಾಗಲಿ ಮೊದಲು ಹೋಗಿ ವಿಚಾರಿಸಿಕೊಂಡು ಬರಬಹುದು.

ಇದನ್ನು ಓದುವವರಲ್ಲಿ ಕೆಲವರು ಆಗಲೇ ಅಂಜಿ ಹಣವನ್ನು ತುಂಬಿದವರಿರಬಹುದು. ಅವರೂ ಕೈಚೆಲ್ಲಿ ಕೂಡಬೇಕಾಗಿಲ್ಲ. ತುಂಬಿದ ಪಾವತಿಯನ್ನು ಹುಡುಕಿ ತೆಗೆದು, ಮೇಲೆ ಹೇಳಿದಂತೆ ಲೆಕ್ಕವನ್ನು ಕೇಳಿ ತರಿಸಿಕೊಳ್ಳಲಿ; ಹಣವು ಹೆಚ್ಚಾಗಿಯೇ ಇರಲಿಲ್ಲವೆಂದು ಕಂಡುಬಂದರೆ, ಕರಾರು ಕಾಯಿದೆಯ ಅದೇ 72ನೆಯ ಕಲಮು ಈಗ ಅವರ ಕಡೆಗೆ ತಿರುಗುವದು. ಖಾಸಗಿ ಧಣಿಯು ಪಗಾರದಿಂದ ಅಕ್ರಮವಾಗಿ ಮುರಿದುಕೊಂಡದ್ದಾದರೆ ವೇತನ ಸಂಹಿತೆಯ ಅಧಿಕಾರಿಯ ಮುಂದೆ ಅರ್ಜಿ ಕೊಡಲು ಮೂರು ವರುಷಗಳ ಅವಧಿಯುಂಟು.